ಗಡಿಯಾರ ಹೇಳಿದ ಸಾಕ್ಷಿ

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೋ ಅಜ್ಜಿಯ ಬೀರುವಿನ ಕೆಳಖಾನೆಯಲ್ಲೋ ಒಂದು ರಟ್ಟಿನ ಪೆಟ್ಟಿಗೆ ಇರಬಹುದು. ಬಿಚ್ಚಿ ನೋಡಿದರೆ ಒಳಗೆ ಅಂಗೈ ಅಗಲದ ಪ್ಲಾಸ್ಟಿಕ್ ಡಬ್ಬಿಗಳು. ಒಂದೊಂದರಲ್ಲೂ ಎರಡು ಹಲ್ಲಿನ ತೂತು, ಅವುಗಳ ನಡುವೆ ಸುತ್ತಿಕೊಂಡ ಕಂದು ಬಣ್ಣದ ತೆಳು ಪಟ್ಟಿ. ಅದೇ ಕ್ಯಾಸೆಟ್ಟು. ಪುಸ್ತಕದ ಕನ್ನಡದಲ್ಲಿ ಧ್ವನಿಸುರುಳಿ. ಒಳಗಿನ ಪಟ್ಟಿಗೆ ನಾವೆಲ್ಲ ರೀಲು ಅಂತಲೇ ಅನ್ನುತ್ತಿದ್ದೆವು.

ನಮ್ಮ ಕುದೇರಿನ ಮನೆಯಲ್ಲಿ ಇಂಥ ಪೆಟ್ಟಿಗೆ ಎರಡಿದ್ದವು. ಅವುಗಳನ್ನು ಹಾಡಿಸುತ್ತಿದ್ದ ಟೂ-ಇನ್-ಒನ್ ಸತ್ತು ಎಷ್ಟೋ ವರ್ಷವಾಗಿತ್ತು. ಅದರೊಳಗಿನ ರಬ್ಬರ್ ಬೆಲ್ಟು ಕರಗಿ, ಬಿಸಿಲಿಗೆ ಇಳಿದ ಟಾರಿನಂತೆ ಮೆತ್ತಿಕೊಂಡಿತ್ತು. ರಿಪೇರಿ ಮಾಡುತ್ತಿದ್ದವರೂ ಈಗ ಮೊಬೈಲ್ ಅಂಗಡಿ ಇಟ್ಟಿದ್ದಾರೆ. ಈ ಸಲದ ದಸರಾ ರಜೆಗೆ ಮುಂಚೆ ನಾನು ಮನಸ್ಸು ಗಟ್ಟಿ ಮಾಡಿ, ಹೊಸದೊಂದು ಕ್ಯಾಸೆಟ್ ಡೆಕ್ಕನ್ನೇ ಕೊಂಡೆ. ಕೊಂಡ ಮೇಲೆ ಏನೇನಾಯಿತು ಎನ್ನುವುದೇ ಈ ವಾರದ ಮಾತು.

ಮೊದಲು ಈ ಡಬ್ಬಿ ಹುಟ್ಟಿದ ಕಥೆ ಕೇಳಿ. ಅದಕ್ಕೂ ಮುಂಚೆ ಟೇಪ್ ರೆಕಾರ್ಡರ್ ಎಂದರೆ ಸೂಟ್‌ಕೇಸಿನಷ್ಟು ದೊಡ್ಡದು. ತಟ್ಟೆಯಂಥ ಎರಡು ಚಕ್ರ ಇಟ್ಟು, ರೀಲನ್ನು ಕೈಯಲ್ಲೇ ಪೋಣಿಸಬೇಕಿತ್ತು. ಫಿಲಿಪ್ಸ್ ಕಂಪನಿಯಲ್ಲಿದ್ದ ಲೂ ಓಟನ್ಸ್ ಎಂಬ ಡಚ್ ಇಂಜಿನಿಯರ್‌ಗೆ ಇದು ಸಾಕಾಗಿತ್ತು. ಅವರು ಒಂದು ಮರದ ತುಂಡು ಕತ್ತರಿಸಿ ಕೋಟಿನ ಜೇಬಿಗೆ ಹಾಕಿ ನೋಡಿದರಂತೆ. ಜೇಬಿನಲ್ಲಿ ಹಿಡಿಸುವ ಆ ತುಂಡಿನಷ್ಟೇ ಇರಬೇಕು ಹೊಸ ಯಂತ್ರ ಎಂದು ಅಳತೆ ಗೊತ್ತು ಮಾಡಿದರು. ಮುಂದೊಂದು ದಿನ ಅವರ ಕಾರಿನ ಚಕ್ರ ಪಂಕ್ಚರ್ ಆದಾಗ ಅದೇ ಮರದ ತುಂಡನ್ನು ಜ್ಯಾಕಿನ ಕೆಳಗೆ ಇಟ್ಟು, ಅಲ್ಲೇ ಕಳೆದುಕೊಂಡರಂತೆ! ಅವರ ತಂಡದ ಕ್ಯಾಸೆಟ್ಟನ್ನು 1963ರಲ್ಲಿ ಬರ್ಲಿನ್ ನಗರದ ರೇಡಿಯೋ ಪ್ರದರ್ಶನದಲ್ಲಿ ಮೊದಲು ತೋರಿಸಿದರು. ಆಮೇಲೆ ಎಲ್ಲ ಕಂಪನಿಗಳೂ ಅದೇ ಅಳತೆಯಲ್ಲಿ ಮಾಡಿದ್ದರಿಂದ, ಎಲ್ಲಿಯ ಕ್ಯಾಸೆಟ್ಟಾದರೂ ಎಲ್ಲಿಯ ಯಂತ್ರದಲ್ಲಾದರೂ ಹಾಡಿತು. ಓಟನ್ಸ್ 2021ರಲ್ಲಿ, ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು.

ರೀಲು ಎಂದರೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅಗಲ ನಾಲ್ಕು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ನುಣ್ಣನೆಯ ಪುಡಿ ಬಳಿದಿರುತ್ತಾರೆ. ಕಬ್ಬಿಣದ ತುಕ್ಕಿನ ಹತ್ತಿರದ ನೆಂಟ ಎಂದುಕೊಳ್ಳಿ, ಬಣ್ಣ ಕಂದಾಗಿರುವುದು ಅದಕ್ಕೇ. ನಾವು ಮೈಕಿನ ಮುಂದೆ ಮಾತಾಡಿದರೆ ದನಿ ವಿದ್ಯುತ್ತಾಗುತ್ತದೆ. ಆ ವಿದ್ಯುತ್ತು 'ಹೆಡ್' ಎಂಬ ಪುಟ್ಟ ವಿದ್ಯುತ್ಕಾಂತಕ್ಕೆ ಹೋಗುತ್ತದೆ. ಹೆಡ್ಡಿನ ಮುಂದೆ ಹಾದುಹೋಗುವ ಪುಡಿಯ ಮೇಲೆ ಅಯಸ್ಕಾಂತದ ಗುರುತು ಉಳಿಯುತ್ತದೆ. ಹಾಡಿಸುವಾಗ ಇದೇ ಕೆಲಸ ತಿರುಗುಮುರುಗು. ಗುರುತು ವಿದ್ಯುತ್ತಾಗಿ, ವಿದ್ಯುತ್ತು ದನಿಯಾಗುತ್ತದೆ.

ಇಲ್ಲಿ ಒಂದು ಅಂಕಿಯನ್ನು ನೆನಪಿಡಿ. ರೀಲು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡಬೇಕು. ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಬೀಸುಕಲ್ಲನ್ನು ಬೇಗ ತಿರುಗಿಸಿದರೆ ಅದರ ಸದ್ದು ಏರುವುದನ್ನು ನಿಮ್ಮ ಅಜ್ಜಿ ಕೇಳಿರುತ್ತಾರೆ. ರೀಲಿನದೂ ಹಾಗೆಯೇ. ಬೇಗ ಓಡಿದರೆ ಹಾಡು ಬೇಗ ಮುಗಿಯುತ್ತದೆ, ದನಿಯೂ ಕೀಚಲಾಗುತ್ತದೆ. ನಿಧಾನವಾದರೆ ಹಾಡು ಎಳೆದಾಡುತ್ತದೆ, ಹೆಣ್ಣಿನ ದನಿ ಗಂಡಿನದಾಗುತ್ತದೆ. ನಮ್ಮ ಕಥೆಯ ಗಂಟು ಇರುವುದೇ ಈ ವೇಗದಲ್ಲಿ.

ಯಂತ್ರ ಕೊಳ್ಳುವ ಮುಂಚೆ ನಾನು ಕ್ಯಾಸೆಟ್ಟುಗಳ ಲೆಕ್ಕ ಹಾಕಿದೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಸುಮ್ಮನಿರುತ್ತದೆಯೇ? ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎಲ್ಲವನ್ನೂ ಮೂರು ಕಟ್ಟು ಮಾಡಿದೆ.

ಮೊದಲನೆಯ ಕಟ್ಟು, ಈಗಲೂ ಎಲ್ಲಾದರೂ ಸಿಗುವಂಥದು. ರಾಜ್‌ಕುಮಾರ್ ಅವರ ಸಿನಿಮಾ ಹಾಡು, ಭಕ್ತಿಗೀತೆ. ಅವರು ಹುಟ್ಟಿದ ಗಾಜನೂರು ನಮ್ಮ ಚಾಮರಾಜನಗರದ ಗಡಿಗೆ ಅಂಟಿಕೊಂಡಂತೆಯೇ ಇದೆ, ಹಾಗಾಗಿ ಈ ಕಡೆಯ ಮನೆಗಳಲ್ಲಿ ಅವರ ಕ್ಯಾಸೆಟ್ಟು ಇಲ್ಲದ ಪೆಟ್ಟಿಗೆ ಸಿಗುವುದು ಕಷ್ಟ. ಜೊತೆಗೆ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ'. 1978ರಲ್ಲಿ ಬಂದ ಅದನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನ್ನುತ್ತಾರೆ. ಇವೆಲ್ಲ ಮೊಬೈಲಿನಲ್ಲೇ ಬರುತ್ತವೆ. ಕ್ಯಾಸೆಟ್ಟು ಕೆಟ್ಟರೂ ಹಾಡು ಉಳಿಯುತ್ತದೆ.

ಎರಡನೆಯ ಕಟ್ಟು, ಅಂಗಡಿಯಲ್ಲಿ ಕೊಂಡದ್ದಾದರೂ ಈಗ ಸಿಗುವುದು ಅನುಮಾನ ಎನ್ನುವಂಥದು. ನಮ್ಮ ಸೀಮೆ ಮಲೆ ಮಾದಪ್ಪನ ಸೀಮೆ, ಮಂಟೇಸ್ವಾಮಿಯ ಸೀಮೆ. ಕಂಸಾಳೆ ಹಿಡಿದ ದೇವರಗುಡ್ಡರು ಮಾದಪ್ಪನ ಕಥೆ ಹಾಡುತ್ತಾರೆ, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟು ಹೋಟೆಲಿನಲ್ಲಿ ಹಾಕಿದರೆ, ಟೀ ಕುಡಿದು ಮುಗಿದವರೂ ಎದ್ದು ಹೋಗುತ್ತಿರಲಿಲ್ಲ. ಅವರಷ್ಟು ಹೆಸರಾದವರದು ಇಂದಿಗೂ ಸಿಗುತ್ತದೆ. ಆದರೆ ಜಾತ್ರೆಯ ಅಂಗಡಿಗಳಲ್ಲಿ ಮಾರುತ್ತಿದ್ದ, ಊರಿನಾಚೆ ಹೆಸರು ಗೊತ್ತಿಲ್ಲದ ಹಾಡುಗಾರರ ಕ್ಯಾಸೆಟ್ಟುಗಳೂ ನನ್ನಲ್ಲಿ ಹತ್ತಾರು ಇದ್ದವು. ಅವುಗಳನ್ನು ಬೇರೆ ಇಟ್ಟೆ.

ಮೂರನೆಯ ಕಟ್ಟು ಚಿಕ್ಕದು. ಬರೀ ಒಂಬತ್ತು. ಅಂಗಡಿಯವಲ್ಲ, ಮನೆಯಲ್ಲೇ ರೆಕಾರ್ಡು ಮಾಡಿದಂಥವು. ಮಗನ ತೊದಲು ಮಾತು, ಒಂದು ಮದುವೆಯ ಓಲಗ, ಕುದೇರಿನ ಮನೆಯಲ್ಲಿ ರಾತ್ರಿಯೆಲ್ಲ ನಡೆದ ಒಂದು ತಂಬೂರಿ ಪದ. ಮತ್ತು ನಮ್ಮ ಅವ್ವ ಹಾಡಿದ ಸೋಬಾನೆ ಪದಗಳು, 1984ರದು. ಅವ್ವ ಹೋಗಿ ಮೂವತ್ತು ವರ್ಷದ ಮೇಲಾಯಿತು. ಅವಳ ದನಿ ಲೋಕದಲ್ಲಿ ಇರುವುದು ಆ ಒಂದು ಡಬ್ಬಿಯಲ್ಲಿ ಮಾತ್ರ. ನಿಜ ಹೇಳಬೇಕೆಂದರೆ, ನಾನು ಡೆಕ್ ಕೊಂಡದ್ದೇ ಆ ಒಂದು ಡಬ್ಬಿಗೆ.

ಕೊಳ್ಳಲು ಹೋದಾಗ ನನ್ನ ಮುಂದೆ ಮೂರು ದಾರಿ ಇದ್ದವು. ಒಂದು, ಅಂಗೈ ಗಾತ್ರದ ಅಗ್ಗದ ಪ್ಲೇಯರು, ಕಂಪ್ಯೂಟರಿಗೆ ಸಿಕ್ಕಿಸುವ ವಯರಿನದು. ಎರಡು, ಹಳೆಯ ಒಳ್ಳೆಯ ಡೆಕ್ಕನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಳ್ಳುವುದು. ಮೂರು, ಹೊಸ ಡೆಕ್. ಸೆಕೆಂಡ್‌ಹ್ಯಾಂಡ್ ಡೆಕ್ಕುಗಳಲ್ಲಿ ಎಷ್ಟೋ ಹೊಸದಕ್ಕಿಂತ ಮೇಲು, ಏಕೆಂದರೆ ಕ್ಯಾಸೆಟ್ಟಿನ ಒಳ್ಳೆಯ ಕಾಲದಲ್ಲಿ ದೊಡ್ಡ ಕಂಪನಿಗಳು ಮಾಡಿದ ಯಂತ್ರಭಾಗಗಳನ್ನು ಈಗ ಯಾರೂ ಮಾಡುತ್ತಿಲ್ಲ. ಆದರೆ ಅದರ ಬೆಲ್ಟು, ರಬ್ಬರ್ ಗಾಲಿ ಬದಲಿಸಲು ಬಲ್ಲ ಕೈ ಹತ್ತಿರದಲ್ಲಿರಬೇಕು. ಇಲ್ಲಿ ಅಂಥವರು ಇಲ್ಲ. ಎಪ್ಪತ್ತು ದಾಟಿದ ನನಗೆ ಒಂದು ವರ್ಷದ ಗ್ಯಾರಂಟಿ ಚೀಟಿ ಇರುವ ಹೊಸದೇ ವಾಸಿ ಅನ್ನಿಸಿತು.

ಡೆಕ್ ಎಂದರೆ ಅದಕ್ಕೆ ಸ್ವಂತ ಸ್ಪೀಕರ್ ಇರುವುದಿಲ್ಲ ಮಕ್ಕಳೇ. ಆಂಪ್ಲಿಫೈಯರಿಗೋ ಕಂಪ್ಯೂಟರಿಗೋ ವಯರು ಕೊಡಬೇಕು. ಮೈಸೂರಿನಿಂದ ಬಂದ ಮೊಮ್ಮಗಳು ಎರಡನ್ನೂ ಜೋಡಿಸಿಕೊಟ್ಟಳು. ಅವಳು ಎಂಟನೆಯ ಕ್ಲಾಸು. "ತಾತ, ಫೋನಲ್ಲಿ ಒತ್ತಿದರೆ ಬರೋ ಹಾಡಿಗೆ ಇಷ್ಟು ದೊಡ್ಡ ಪೆಟ್ಟಿಗೆಯಾ?" ಎಂದಳು. "ಫೋನಲ್ಲಿ ಬಾರದ ಹಾಡಿಗೆ ಕಣವ್ವ" ಎಂದೆ.

ಅವ್ವನ ಕ್ಯಾಸೆಟ್ಟನ್ನು ಮೊದಲೇ ಹಾಕಲಿಲ್ಲ. ಹೊಸ ಯಂತ್ರ ರೀಲನ್ನು ನುಂಗಿಬಿಟ್ಟರೆ? ಮೊದಲನೆಯ ಕಟ್ಟಿನಿಂದ, ಹೋದರೂ ಪರವಾಗಿಲ್ಲ ಎನ್ನುವ ಒಂದನ್ನು ತೆಗೆದು ಹಾಕಿದೆವು. ಹಾಡಿತು. ಆದರೆ ಏನೋ ಅವಸರ ಅನ್ನಿಸಿತು, ಬಸ್ಸು ಹಿಡಿಯಲು ಓಡುವವರು ಹಾಡಿದ ಹಾಗೆ.

ಅನುಮಾನಕ್ಕೆ ಲೆಕ್ಕವೇ ಮದ್ದು. ಮೊಮ್ಮಗಳು ಅದೇ ಹಾಡನ್ನು ಫೋನಿನಲ್ಲಿ ಹುಡುಕಿದಳು. ಅಲ್ಲಿ ಅದರ ಉದ್ದ ಸರಿಯಾಗಿ 5 ನಿಮಿಷ, ಅಂದರೆ 300 ಸೆಕೆಂಡು. ಡೆಕ್ಕಿನಲ್ಲಿ ಹಾಕಿ ಗಡಿಯಾರ ನೋಡಿದರೆ 288 ಸೆಕೆಂಡಿಗೇ ಮುಗಿಯಿತು. 300ನ್ನು 288ರಿಂದ ಭಾಗಿಸಿ ನೋಡಿ. ನೂರು ಹೆಜ್ಜೆ ಹಾಕಬೇಕಾದ ಹೊತ್ತಿನಲ್ಲಿ ರೀಲು ನೂರನಾಲ್ಕು ಹೆಜ್ಜೆ ಹಾಕುತ್ತಿತ್ತು. ಆ ಒಂದು ಕ್ಯಾಸೆಟ್ಟಿನದೇ ದೋಷವಿರಬಹುದೆಂದು ಬೇರೆ ಬೇರೆ ಕಂಪನಿಯ ಇನ್ನೆರಡು ಹಾಕಿದೆವು. ಅಲ್ಲಿಯೂ ನೂರಕ್ಕೆ ನಾಲ್ಕೇ. ಅಂದಮೇಲೆ ದೋಷ ಯಂತ್ರದ್ದೇ.

ಗ್ಯಾರಂಟಿ ಚೀಟಿ ಕೆಲಸಕ್ಕೆ ಬಂತು. ಅಂಗಡಿಯವರು ಕಳಿಸಿದ ಹುಡುಗ ಹಿಂದಿನ ಮುಚ್ಚಳ ತೆಗೆದು ಮೋಟಾರಿನ ಹಿಂಬದಿ ತೋರಿಸಿದ. ಅಲ್ಲೊಂದು ಪುಟ್ಟ ತೂತು, ಒಳಗೆ ಸಾಸಿವೆಗಿಂತ ತುಸು ದೊಡ್ಡ ಸ್ಕ್ರೂ. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೆ ವೇಗ ಬದಲಾಗುತ್ತದೆ. ಅವನು ತಿರುಗಿಸುವುದು, ಮೊಮ್ಮಗಳು ಸೆಕೆಂಡು ಎಣಿಸುವುದು, ಹೀಗೆ ಒಂದು ಗಂಟೆ ನಡೆಯಿತು. ಕೊನೆಗೆ 300 ಸೆಕೆಂಡಿನ ಹಾಡು 300 ಸೆಕೆಂಡಿಗೇ ನಿಂತಿತು. ಉಳಿದೆರಡೂ ಸರಿಬಂದವು. ಡೆಕ್ಕಿನ ಲೆಕ್ಕ ತಾಳೆಯಾಯಿತು.

ಆಮೇಲೆ ಅವ್ವನ ಕ್ಯಾಸೆಟ್ಟು ಕೈಗೆ ತೆಗೆದುಕೊಂಡೆ. ಬೆಳಕಿಗೆ ಹಿಡಿದು ನೋಡಿದೆವು, ಬಿಳಿ ಬೂಷ್ಟು ಇರಲಿಲ್ಲ. ರೀಲನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಉಣ್ಣೆಯ ತುಂಡೊಂದು ಇರುತ್ತದೆ, ಅದರ ಅಂಟು ಒಣಗಿ ಬಿದ್ದುಹೋಗುವುದುಂಟು. ಅದೂ ಗಟ್ಟಿಯಾಗಿತ್ತು. ಕಡ್ಡಿಗೆ ಹತ್ತಿ ಸುತ್ತಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಡೆಕ್ಕಿನ ಹೆಡ್ಡನ್ನು ಒರೆಸಿ ಒಣಗಿಸಿದೆವು. ಕ್ಯಾಸೆಟ್ಟಿನ ಬೆನ್ನಿನ ಮೇಲಿನ ಎರಡು ಪುಟ್ಟ ಕಿವಿಗಳನ್ನು ಮುರಿದೆವು. ಆ ಕಿವಿ ಇಲ್ಲದಿದ್ದರೆ ಯಾರು ತಪ್ಪು ಗುಂಡಿ ಒತ್ತಿದರೂ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುವುದಿಲ್ಲ. ಮೊದಲ ಸಲ ಹಾಡುವಾಗಲೇ ಕಂಪ್ಯೂಟರಿನಲ್ಲಿ ಪ್ರತಿ ಇಳಿಯುವಂತೆ ಮೊಮ್ಮಗಳು ಸಿದ್ಧ ಮಾಡಿದಳು. ಅಷ್ಟು ಹಳೆಯ ರೀಲು ಎರಡನೆಯ ಸಲ ಹಾಡುತ್ತದೆ ಎಂದು ಯಾರೂ ಮಾತು ಕೊಡಲಾರರು.

ಸಂತೇಮರಹಳ್ಳಿಯಿಂದ ಅಕ್ಕನನ್ನೂ ಕರೆಸಿದ್ದೆ. ಅಕ್ಕನಿಗೆ ಈಗ ಎಂಬತ್ತಮೂರು. ಕಣ್ಣು ಮಂಜು, ಮಂಡಿ ನೋವು, ಕಿವಿ ಮಾತ್ರ ಚುರುಕು. ಅವ್ವ ಹಾಡಿದ್ದನ್ನು ರೆಕಾರ್ಡು ಮಾಡಿದ್ದು ನಮ್ಮ ಭಾವ, ಮೈಸೂರಿನಿಂದ ತಂದಿದ್ದ ತಮ್ಮ ಟೇಪ್ ರೆಕಾರ್ಡರಿನಲ್ಲಿ. ಆಗ ಚಾಮರಾಜನಗರ ಬೇರೆ ಜಿಲ್ಲೆಯಾಗಿರಲಿಲ್ಲ, ಅದು ಆದದ್ದು 1997ರಲ್ಲಿ. ಮೈಸೂರು ಎಂದರೆ ನಮ್ಮ ಜಿಲ್ಲೆಯ ಪೇಟೆ. ಆವತ್ತು ಕರೆಂಟು ಇರಲಿಲ್ಲ. ಟಾರ್ಚಿಗೆ ಹಾಕುವಂಥ ದೊಡ್ಡ ಸೆಲ್ಲಿನ ಮೇಲೆ ನಡೆಸಿದ್ದರು. ಹಜಾರದ ಗೋಡೆ ಗಡಿಯಾರದ ಕೆಳಗೆ ಬೆಂಚು, ಬೆಂಚಿನ ಮೇಲೆ ರೆಕಾರ್ಡರು, ಎದುರಿಗೆ ಚಾಪೆಯ ಮೇಲೆ ಅವ್ವ.

ಗುಂಡಿ ಒತ್ತಿದೆವು. ಮೊದಲು ಬುಸ್ ಎಂಬ ಸದ್ದು. ಆಮೇಲೆ ಭಾವನ ದನಿ, "ಹೂಂ, ಹಾಡಿ ಅತ್ತೆ" ಎಂದು. ಆಮೇಲೆ ಅವ್ವ.

ನನಗೆ ಗಂಟಲು ಕಟ್ಟಿತು. ಮೊಮ್ಮಗಳು ನನ್ನ ಕೈ ಹಿಡಿದುಕೊಂಡಳು. ಅಕ್ಕ ಮಾತ್ರ ತಲೆ ಅಲ್ಲಾಡಿಸಿದಳು.

"ಅವ್ವನ ದನಿ ಇದಲ್ಲ ಕನಪ್ಪ. ಯಾರೋ ಎಳೆ ಹೆಣ್ಣು ಹಾಡ್ದಂಗದ."

ನಲವತ್ತು ವರ್ಷ ಆಯಿತಲ್ಲ ಅಕ್ಕ, ನಮ್ಮ ನೆನಪೇ ಬದಲಾಗಿರಬಹುದು ಎಂದೆ. ಯಂತ್ರದ ವೇಗ ಸರಿ ಮಾಡಿಸಿದ್ದೇವೆ, ಲೆಕ್ಕ ತಾಳೆಯಾಗಿದೆ ಎಂದು ವಿವರಿಸಿದೆ. ಅಕ್ಕ ಒಪ್ಪಲಿಲ್ಲ. ಅಷ್ಟರಲ್ಲಿ ಒಂದು ಪದ ಮುಗಿದು, ಕ್ಯಾಸೆಟ್ಟಿನಲ್ಲಿ ಗಡಿಯಾರ ಎಂಟು ಹೊಡೆಯಿತು. ಅಕ್ಕ ಗೋಡೆಯ ಕಡೆ ಮುಖ ಮಾಡಿದಳು.

"ಅವ್ವಂದು ಬುಡು. ನಮ್ಮ ಗಡಿಯಾರ ಹಿಂಗಾ ಹೊಡೆಯದು? ಕೇಳು ನೀನೇ."

ಮಕ್ಕಳೇ, ಆ ಗಡಿಯಾರ ಇಂದಿಗೂ ಅದೇ ಗೋಡೆಯ ಮೇಲಿದೆ. ವಾರಕ್ಕೊಮ್ಮೆ ಕೀ ಕೊಟ್ಟರೆ ನಡೆಯುತ್ತದೆ. ಅದರ ಮುಳ್ಳನ್ನು ತಿರುಗಿಸಿ ಎಂಟು ಹೊಡೆಸಿದೆವು. ಠಣ್ ಎನ್ನುವ ಸದ್ದು ಕ್ಯಾಸೆಟ್ಟಿನಲ್ಲಿ ಮೇಲಿತ್ತು, ಗೋಡೆಯ ಮೇಲೆ ಕೆಳಗಿತ್ತು. ಮನುಷ್ಯರ ದನಿ ವಯಸ್ಸಿಗೆ ಬದಲಾಗುತ್ತದೆ. ಅದೇ ಕಬ್ಬಿಣದ ಸುರುಳಿಯ ಮೇಲೆ ಅದೇ ಸುತ್ತಿಗೆ ಬಿದ್ದರೆ ಬರುವ ದನಿ ಅಷ್ಟು ಬದಲಾಗುವುದಿಲ್ಲ.

ಆಗ ಮೊಮ್ಮಗಳಿಗೆ ಇನ್ನೊಂದು ಹೊಳೆಯಿತು. ಎರಡು ಪದಗಳ ನಡುವೆ ಅವ್ವ ಎಲೆ ಅಡಿಕೆ ಹಾಕಿಕೊಳ್ಳಲು ನಿಲ್ಲಿಸಿದ್ದಾಳೆ. ಆ ಮೌನದಲ್ಲಿ ಟಿಕ್ ಟಿಕ್ ಕೇಳುತ್ತದೆ. ಹಳೆಯ ರೆಕಾರ್ಡರುಗಳಲ್ಲಿ ಒಂದು ಗುಣವಿತ್ತು. ಎದುರಿನವರು ಮಾತು ನಿಲ್ಲಿಸಿದರೆ, ಅವು ತಾವಾಗಿಯೇ ಕಿವಿ ದೊಡ್ಡದು ಮಾಡಿಕೊಂಡು ಸಣ್ಣ ಸದ್ದನ್ನೂ ಹಿಡಿಯುತ್ತಿದ್ದವು. ಹಾಗೆ ಸಿಕ್ಕಿಬಿದ್ದಿತ್ತು ನಮ್ಮ ಗಡಿಯಾರ. ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಟಿಕ್ಕೂ ಮುಳ್ಳಿನಂತೆ ಎದ್ದು ಕಾಣುತ್ತಿತ್ತು. ಎಣಿಸಿದಳು. ಅರ್ಧ ನಿಮಿಷಕ್ಕೆ 53. ಗೋಡೆಯ ಗಡಿಯಾರದ ಮುಂದೆ ನಿಂತು ಎಣಿಸಿದರೆ ಅರ್ಧ ನಿಮಿಷಕ್ಕೆ 50. ಮೂರು ಸಲ ಎಣಿಸಿದಳು, ಮೂರು ಸಲವೂ ಅಷ್ಟೇ.

ಆಗಿನ ಗಡಿಯಾರವೇ ಮುಂದೆ ಓಡುತ್ತಿತ್ತೋ ಏನೋ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಗಡಿಯಾರ ಸರಿಯಾದ ಸಮಯ ತೋರಿಸುವವರೆಗೆ ನಿಮಿಷಕ್ಕೆ ಎಷ್ಟು ಟಿಕ್ ಎನ್ನುವುದು ಬದಲಾಗಲಾರದು. ಅದು ಒಳಗಿನ ಹಲ್ಲುಚಕ್ರಗಳ ಲೆಕ್ಕ. ನಮ್ಮ ಗಡಿಯಾರ ವಾರಕ್ಕೆ 5 ನಿಮಿಷ ಹಿಂದೆ ಮುಂದೆ ಆಗುತ್ತಿತ್ತು ಅಂದುಕೊಳ್ಳೋಣ. ವಾರಕ್ಕೆ 10,080 ನಿಮಿಷ. ಅದರಲ್ಲಿ 5 ಎಂದರೆ ಎರಡು ಸಾವಿರಕ್ಕೆ ಒಂದು. ನಾವು ಹುಡುಕುತ್ತಿದ್ದದ್ದು ನೂರಕ್ಕೆ ಆರು. ಗಡಿಯಾರದ ಸಾಕ್ಷಿ ಗಟ್ಟಿ.

ಹಾಗಾದರೆ ಆ ಆರು ಎಲ್ಲಿಂದ ಬಂತು? ಸೆಲ್ಲಿನಿಂದ. ಸೆಲ್ಲು ಇಳಿದರೆ ಮೋಟಾರು ಸೋಲುತ್ತದೆ, ರೀಲು ನಿಧಾನವಾಗಿ ಓಡುತ್ತದೆ. ನಿಧಾನವಾಗಿ ಓಡುವ ರೀಲಿನ ಮೇಲೆ ಬರೆದ ದನಿ ಕಡಿಮೆ ಉದ್ದದಲ್ಲಿ ಒತ್ತಿಕೊಂಡು ಕೂರುತ್ತದೆ. ಅದನ್ನು ಮುಂದೆ ಸರಿಯಾದ ವೇಗದಲ್ಲಿ ಹಾಡಿಸಿದರೆ ಬೇಗ ಬೇಗ ಬಂದು, ದನಿ ಏರುತ್ತದೆ. ನೂರಕ್ಕೆ ಆರು ಎಂದರೆ ಹಾರ್ಮೋನಿಯಂನಲ್ಲಿ ಹೆಚ್ಚುಕಡಿಮೆ ಒಂದು ಮನೆ ಮೇಲೆ. ಅಷ್ಟನ್ನು ಅಕ್ಕನ ಕಿವಿ ಹಿಡಿದಿತ್ತು. ನಾನೂ ಆ ಮನೆಯಲ್ಲೇ ಬೆಳೆದವನು, ಆದರೆ ಅವ್ವನ ಪಕ್ಕದಲ್ಲಿ ಕೂತು ಅದೇ ಪದಗಳನ್ನು ಅದೇ ಶ್ರುತಿಯಲ್ಲಿ ಹಾಡಿದವಳು ಅವಳು.

ಈ ಸಲ ಡೆಕ್ಕಿನ ಸ್ಕ್ರೂ ಮುಟ್ಟಲಿಲ್ಲ. ಯಂತ್ರದ ದೋಷವನ್ನು ಯಂತ್ರದಲ್ಲಿ ತಿದ್ದಬೇಕು. ಒಂದು ಕ್ಯಾಸೆಟ್ಟಿನ ದೋಷಕ್ಕೆ ಯಂತ್ರ ತಿರುಗಿಸಿದರೆ ಉಳಿದ ನೂರು ಕ್ಯಾಸೆಟ್ಟು ಕೆಡುತ್ತವೆ. ಮೊಮ್ಮಗಳು ಇಳಿಸಿಕೊಂಡಿದ್ದ ಪ್ರತಿಯನ್ನು ಹಾಗೆಯೇ ಒಂದು ಕಡೆ ಇಟ್ಟು, ಅದರ ಇನ್ನೊಂದು ಪ್ರತಿ ತೆಗೆದಳು. ಆಡಾಸಿಟಿ ಎಂಬ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ವೇಗ ಇಳಿಸಬಹುದು. 53 ಟಿಕ್ಕು 50 ಆಗಬೇಕು. 50ನ್ನು 53ರಿಂದ ಭಾಗಿಸಿದರೆ 0.943. ಅಂದರೆ ನೂರಕ್ಕೆ 5.7ರಷ್ಟು ಇಳಿಸಬೇಕು. ಇಳಿಸಿದಳು. ಮತ್ತೆ ಗಡಿಯಾರದ ಎಂಟು ಹೊಡೆಸಿದೆವು, ಗೋಡೆಯ ಮೇಲೊಮ್ಮೆ, ಕಂಪ್ಯೂಟರಿನಲ್ಲೊಮ್ಮೆ. ಎರಡೂ ಒಂದೇ ಆದವು.

ಅವ್ವನನ್ನು ಹಾಡಿಸಿದೆವು. ದನಿ ಇಳಿದು, ದಪ್ಪವಾಗಿ, ಅವಸರ ಬಿಟ್ಟು ಬಂತು. ಉಸಿರು ಎಳೆದುಕೊಳ್ಳುವ ಜಾಗ ಕೇಳಿಸಿತು. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಅಳುತ್ತಾಳೇನೋ ಎಂದು ನಾನು ಕಾದೆ. ಅವಳು ಕಣ್ಣು ಬಿಟ್ಟು ಅಂದದ್ದೇ ಬೇರೆ.

"ಇದು ಅವ್ವ. ಆದ್ರ ಮೂರನೇ ನುಡೀನೇ ಬುಟ್ಬುಟ್ಟವಳ ನೋಡು!"

ಹಾಗೆಂದು ಆ ಬಿಟ್ಟುಹೋದ ನುಡಿಯನ್ನು ತಾನೇ ಹಾಡಿದಳು. ಎಂಬತ್ತಮೂರರ ದನಿ, ಅಲ್ಲಲ್ಲಿ ನಡುಗುತ್ತಿತ್ತು, ಪದ ಒಂದೂ ತಪ್ಪಲಿಲ್ಲ. ಮೊಮ್ಮಗಳು ಸದ್ದಿಲ್ಲದೆ ಫೋನು ತೆಗೆದು ಹಿಡಿದಿದ್ದಳು. ಅವ್ವನ ಹಾಡಿನ ಪಕ್ಕದಲ್ಲಿ ಈಗ ಅಕ್ಕನ ನುಡಿಯೂ ಇದೆ. ಆ ನುಡಿ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ.

ಅಕ್ಕ ಅವತ್ತು ಬಾರದೇ ಇದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ನಾನು ಆ ಎಳೆ ದನಿಯ ಪ್ರತಿಯನ್ನೇ ಮಗನಿಗೆ, ತಂಗಿಯ ಮಕ್ಕಳಿಗೆ, ಊರಿನ ನೆಂಟರಿಗೆಲ್ಲ ಕಳಿಸಿಬಿಡುತ್ತಿದ್ದೆ. ಅವ್ವನನ್ನು ನೋಡದ ಮಕ್ಕಳಿಗೆ ಅದೇ ಅವ್ವನ ದನಿಯಾಗುತ್ತಿತ್ತು. ಇನ್ನು ಕೆಲವು ವರ್ಷ ಕಳೆದರೆ, ಇದಲ್ಲ ಎಂದು ಹೇಳಬಲ್ಲವರೇ ಇರುತ್ತಿರಲಿಲ್ಲ. ರೀಲು ಜೋಪಾನವಾಗಿಟ್ಟರೆ ಇನ್ನೂ ಹತ್ತಾರು ವರ್ಷ ಇದ್ದೀತು. ಆ ದನಿಯನ್ನು ಬಲ್ಲ ಕಿವಿಗಳು ಅಷ್ಟು ದಿನ ಇರುವುದಿಲ್ಲ. ಹೊಸ ಡೆಕ್ಕನ್ನು ಮುಂದಿನ ವರ್ಷವೂ ಕೊಳ್ಳಬಹುದು. ಹಳೆಯ ಕ್ಯಾಸೆಟ್ಟನ್ನು ಹಾಡಿಸುವುದಾದರೆ, ಅದರಲ್ಲಿ ಹಾಡಿದವರನ್ನು ಬಲ್ಲವರು ಪಕ್ಕದಲ್ಲಿ ಕೂತಿರುವಾಗಲೇ ಹಾಡಿಸಬೇಕು.

ನನ್ನ ವಯಸ್ಸಿನವರಿಗೆ ಕೆಲವು ಮಾತು. ಎಲ್ಲ ಕ್ಯಾಸೆಟ್ಟನ್ನೂ ಉಳಿಸಲು ಹೊರಟರೆ ಯಾವುದೂ ಮುಗಿಯುವುದಿಲ್ಲ. ನಾನು ಮಾಡಿದಂತೆ ಮೂರು ಕಟ್ಟು ಮಾಡಿ, ಮೂರನೆಯ ಕಟ್ಟಿನಿಂದ ಶುರು ಮಾಡಿ. ಡೆಕ್ ಕೊಳ್ಳಲೇಬೇಕೆಂದಿಲ್ಲ, ನೆಂಟರಲ್ಲಿ ಯಾರ ಹತ್ತಿರವಾದರೂ ಚೆನ್ನಾಗಿ ನಡೆಯುವ ಯಂತ್ರವಿದ್ದರೆ ಒಂದು ವಾರಕ್ಕೆ ಕೇಳಿ ತನ್ನಿ. ಬಿಳಿ ಬೂಷ್ಟು ಹಿಡಿದದ್ದನ್ನು ಹಾಡಿಸಬೇಡಿ, ಆ ಬೂಷ್ಟು ಹೆಡ್ಡಿಗೂ ಅಂಟಿ ಉಳಿದ ಕ್ಯಾಸೆಟ್ಟುಗಳಿಗೂ ಹರಡುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ರೀಲು 60 ನಿಮಿಷದ್ದಕ್ಕಿಂತ ತೆಳು, ಅದನ್ನು ಮುಂದೆ ಹಿಂದೆ ಓಡಿಸುವಾಗ ಜೋಪಾನ. ಕ್ಯಾಸೆಟ್ಟುಗಳನ್ನು ಸ್ಪೀಕರಿನ ಪಕ್ಕ ಇಡಬೇಡಿ, ಅದರೊಳಗಿನ ಅಯಸ್ಕಾಂತ ಗುರುತುಗಳನ್ನು ಅಳಿಸೀತು. ಪ್ರತಿ ಇಳಿಸಿದ ಮೇಲೂ ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ನಮಗೆ ಮೊದಲು ಸಿಕ್ಕಿದ್ದು ತಪ್ಪು ವೇಗದ ದನಿ ಎಂಬುದನ್ನು ಮರೆಯಬೇಡಿ.

ಮಕ್ಕಳಿಗೂ ಕೆಲಸವಿದೆ. ಕ್ಯಾಸೆಟ್ಟಿನ ಚೀಟಿಯ ಮೇಲೆ ಹಾಡಿದವರು ಯಾರು, ಯಾವ ಊರು, ಯಾವ ವರ್ಷ, ಯಾವ ಸಂದರ್ಭ ಎಂದು ಅಜ್ಜ ಅಜ್ಜಿಯನ್ನು ಕೇಳಿ ಪೆನ್ಸಿಲಿನಲ್ಲಿ ಬರೆಯಿರಿ. ಕಂಪ್ಯೂಟರಿನ ಪ್ರತಿಗೂ ಅದೇ ಹೆಸರು ಕೊಡಿ. ಅವರು ಕೇಳುತ್ತಾ ಏನಾದರೂ ಹೇಳಿದರೆ ಅದನ್ನೂ ಫೋನಿನಲ್ಲಿ ಹಿಡಿದಿಡಿ. ಹಿನ್ನೆಲೆಯ ಸದ್ದಿಗೆ ಕಿವಿ ಕೊಡಿ. ನಾಯಿ, ಬಸ್ಸಿನ ಹಾರನ್ನು, ಗುಡಿಯ ಗಂಟೆ, ಗಡಿಯಾರ, ಯಾವುದು ಯಾವಾಗ ಸಾಕ್ಷಿ ಹೇಳುತ್ತದೋ ಗೊತ್ತಾಗುವುದಿಲ್ಲ.

ಈ ವಾರದ ಲೆಕ್ಕ ಇದು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 30 ನಿಮಿಷ. ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹಾಗಾದರೆ ಆ ಪುಟ್ಟ ಡಬ್ಬಿಯೊಳಗೆ ಎಷ್ಟು ಮೀಟರ್ ರೀಲು ಸುತ್ತಿಕೊಂಡಿದೆ? ಉತ್ತರ ಬಂದ ಮೇಲೆ ನಿಮ್ಮ ಶಾಲೆಯ ಮೈದಾನದಲ್ಲಿ ಅಷ್ಟು ದೂರ ನಡೆದು ನೋಡಿ. ಸರಿಯುತ್ತರ ಮುಂದಿನ ವಾರ.